ಸಾವಿರ ಪದ, ಒಂದು ಪೆಟ್ಟಿಗೆ

"ಅಣ್ಣಾರ, ಮನ್ಯಾಗ ಹಾಡು ರೆಕಾರ್ಡ್ ಮಾಡಬೇಕಂತ ಮಾಡೇನ್ರಿ. ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? ಐ7 ಬೇಕೇನ್ರಿ? 32 ಜಿಬಿ ರ‍್ಯಾಮ್ ಬೇಕೇನು? ಇಲ್ಲಾ ಮ್ಯಾಕೇ ತಗೊಳ್ಳಲ್ಯಾ?"

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಬಂದ ಹುಡುಗರು ಇತ್ತೀಚೆಗೆ ಇಂಥ ಪ್ರಶ್ನೆ ಕೇಳ್ತಿರ್ತಾರೆ. ಕೆಲವರಿಗೆ ತಾವೇ ಬರೆದ ಹಾಡು ಬಿಡಬೇಕು. ಇನ್ನು ಕೆಲವರಿಗೆ ಊರಲ್ಲಿ ಇನ್ನೂ ಪದ ಹೇಳುವ ಅಜ್ಜನ ದನಿ ಹಿಡಿದಿಡಬೇಕು. ಇಬ್ಬರೂ ಕಂಪ್ಯೂಟರ್ ಅಂಗಡಿಯಿಂದಲೇ ಹುಡುಕಾಟ ಶುರು ಮಾಡ್ತಾರೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಅಂತ ಒಂದು ಎಕ್ಸೆಲ್ ಶೀಟೇ ರೆಡಿ ಇರುತ್ತೆ.

ಪ್ರಶ್ನೆ ಹೊಸದಾಗಿ ಕಾಣುತ್ತದೆ. ಆದರೆ "ನಮ್ಮ ಹಾಡು ಹಿಡಿಯೋ ಪೆಟ್ಟಿಗೆ ಎಂಥದ್ದಿರಬೇಕು?" ಎನ್ನುವುದು ನೂರು ವರ್ಷಕ್ಕೂ ಹಳೆಯ ಪ್ರಶ್ನೆ. ಹೆಚ್ಚು ಕಾಲ ಅದಕ್ಕೆ ಉತ್ತರ ಕೊಟ್ಟವರು ಹಾಡುವವರಲ್ಲ. ಕಲ್ಕತ್ತಾದ ಕಂಪನಿ, ಮುಂಬೈಯ ಸ್ಟುಡಿಯೋ, ಸರಕಾರಿ ರೇಡಿಯೋ, ಕ್ಯಾಸೆಟ್ ವ್ಯಾಪಾರಿ, ಇವರು ಪೆಟ್ಟಿಗೆ ತಂದರು. ಪೆಟ್ಟಿಗೆ ಎಷ್ಟು ಅಗಲವೋ ಹಾಡು ಅಷ್ಟೇ ಉಳಿಯಿತು. ಈಗ ಮೊದಲ ಬಾರಿಗೆ ಪೆಟ್ಟಿಗೆ ಆರಿಸುವ ಕೆಲಸ ನಮ್ಮ ಕೈಗೇ ಬಂದಿದೆ. ಆರಿಸುವ ಮುಂಚೆ ಹಳೆಯ ಪೆಟ್ಟಿಗೆಗಳು ಏನು ಮಾಡಿದವು ಅಂತ ನೋಡಿಬಿಟ್ಟರೆ ಎಕ್ಸೆಲ್ ಶೀಟಿನ ಅರ್ಧ ಸಾಲುಗಳನ್ನು ಅಳಿಸಬಹುದು.

ಹಿಡಿಯಬೇಕಾದ್ದು ಏನು?

ಮೊದಲು ಹಾಡಿನ ಕಡೆ ನೋಡೋಣ. ಈ ನಾಲ್ಕು ಊರುಗಳ ಸುತ್ತ ಇರುವ ಸಂಗೀತಕ್ಕೆ ಅದರದೇ ಸ್ವಭಾವ ಇದೆ.

ಬೈಲಹೊಂಗಲ ಅಂದರೆ ‘ಸಂಗ್ಯಾ ಬಾಳ್ಯಾ’. ಇದೇ ಊರಿನಲ್ಲಿ ನಡೆದ ಒಂದು ಕೊಲೆಯ ಕತೆ ಅದು; ಸಣ್ಣಾಟವಾಗಿ ಉತ್ತರ ಕರ್ನಾಟಕದ ಊರೂರು ಸುತ್ತಿತು. ಆಟ ರಾತ್ರಿ ಊಟ ಮುಗಿದ ಮೇಲೆ ಶುರುವಾದರೆ ಬೆಳಗಿನ ತನಕ. ಮುಂದೆ ಪಾತ್ರಧಾರಿ ಒಂದು ಸಾಲು ಎತ್ತಿಕೊಟ್ಟರೆ ಹಿಂದೆ ನಿಂತ ಮೇಳ ಅದನ್ನು ಎತ್ತಿಕೊಂಡು ಮೇಲಿನ ಸ್ಥಾಯಿಗೆ ಒಯ್ಯುತ್ತದೆ. ಲಯ ಒಂದೇ ಕಡೆ ನಿಲ್ಲುವುದಿಲ್ಲ, ಜನ ಬಿಸಿಯಾದಂತೆ ಅದೂ ಏರುತ್ತದೆ.

ಸವದತ್ತಿ ಅಂದರೆ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡದ ತುಂಬ "ಉಧೋ ಉಧೋ" ಕೂಗು, ಅದರ ನಡುವೆ ಜೋಗತಿಯರ ಚೌಡಿಕೆ ಪದ. ಚೌಡಿಕೆಗೆ ಕೊಳಗದಂಥ ಮರದ ಮೈ, ಚರ್ಮದ ಹೊದಿಕೆ, ಒಂದೇ ತಂತಿ. ತಂತಿಯ ಬಿಗಿ ಬದಲಿಸುತ್ತ ಮೀಟಿದರೆ ನಾದ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಅದನ್ನು ಹಾರ್ಮೋನಿಯಂನ ಯಾವ ಮನೆಯಲ್ಲೂ ಕೂರಿಸೋಕಾಗಲ್ಲ.

ಕಿತ್ತೂರು, ಸಂಗೊಳ್ಳಿ ಅಂದರೆ ಲಾವಣಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತದ್ದು, 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಕಣ್ಣು ಮುಚ್ಚಿದ್ದು, 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಇವೆಲ್ಲ ಪಠ್ಯಪುಸ್ತಕ ಸೇರುವ ಎಷ್ಟೋ ಮುಂಚೆ ಪದವಾಗಿ ಊರೂರು ತಿರುಗಿದವು. ರಾಮದುರ್ಗದ ಕಡೆ ಗೊಡಚಿ ವೀರಭದ್ರನ ಜಾತ್ರೆ, ಪುರವಂತರ ಒಡಪು, ಜೊತೆಗೆ ವಾದ್ಯಗಳ ಅಬ್ಬರ.

ಇನ್ನು ಹಳೆಯ ಸವದತ್ತಿ ತಾಲೂಕಿನ ಮುರಗೋಡ. ಅಲ್ಲಿ 1911ರಲ್ಲಿ ಹುಟ್ಟಿದ ಹುಕ್ಕೇರಿ ಬಾಳಪ್ಪನವರನ್ನು ಜನ ಕರೆದದ್ದು ‘ಸಾವಿರ ಪದಗಳ ಸರದಾರ’ ಅಂತ. ಈ "ಸಾವಿರ" ಎನ್ನುವ ಅಂಕಿಯನ್ನು ಜೇಬಿನಲ್ಲಿ ಇಟ್ಟುಕೊಂಡಿರಿ. ಒಂದೊಂದು ಪೆಟ್ಟಿಗೆಯನ್ನೂ ಇದರಿಂದ ಅಳೆಯೋಣ.

ಕಾಗದ, ಆಮೇಲೆ ಅರಗು

ಮೊದಲ ಪೆಟ್ಟಿಗೆ ಕಾಗದ. 19ನೇ ಶತಮಾನದ ಉತ್ತರಾರ್ಧದಲ್ಲಿ ಮುಂಬೈ ಪ್ರಾಂತದ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಈ ಭಾಗದ ಶಾಸನಗಳ ಜೊತೆಗೆ ಲಾವಣಿಗಳನ್ನೂ ಸಂಗ್ರಹಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿ ಅವನ ಮೂಲಕ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಯಾರ ಸರಕಾರ ರಾಯಣ್ಣನನ್ನು ಗಲ್ಲಿಗೇರಿಸಿತೋ ಅದೇ ಸರಕಾರದ ನೌಕರನ ಕೈಯಿಂದ ಅವನ ಪದ ಉಳಿಯಿತು. ಪದವೇನೋ ಉಳಿಯಿತು. ಹಾಡಿದವನ ದನಿ ಹೇಗಿತ್ತು, ಎಲ್ಲಿ ಎಳೆದ, ಎಲ್ಲಿ ತಡೆದ ಎನ್ನುವುದು ಕಾಗದಕ್ಕೆ ಹತ್ತಲಿಲ್ಲ.

ದನಿ ಹಿಡಿಯುವ ಯಂತ್ರ ನಮ್ಮ ದೇಶಕ್ಕೆ ವ್ಯಾಪಾರವಾಗಿ ಬಂದದ್ದು 1902ರಲ್ಲಿ. ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಮೊದಲಾದವರ ಹಾಡು ಹಿಡಿದ. ಆಗ ಮೈಕೇ ಇಲ್ಲ. ದೊಡ್ಡ ಕೊಂಬಿನೊಳಗೆ ಮುಖ ಇಟ್ಟು ಹಾಡಬೇಕು. ಆ ಗಾಳಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಮೆತ್ತಗಿನ ದನಿ, ಮೆತ್ತಗಿನ ವಾದ್ಯ ಅಲ್ಲಿಗೆ ಲೆಕ್ಕಕ್ಕಿಲ್ಲ. ಆ ಮೇಣದ ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅರಗಿನ ರೆಕಾರ್ಡ್ ಆಗಿ ವಾಪಸ್ ಬರಬೇಕು. ಅಲ್ಲಿ ಲೇಬಲ್ ಅಂಟಿಸುವವರಿಗೆ ಇದು ಯಾರ ಹಾಡು ಅಂತ ಗೊತ್ತಾಗಲಿ ಎಂದು ಹಾಡಿನ ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತಾದ ಸಿಯಾಲ್ಡಾದಲ್ಲೇ ಕಾರ್ಖಾನೆ ಶುರುವಾದ ಮೇಲೆ ಹಡಗಿನ ಪ್ರಯಾಣ ನಿಂತಿತು.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ರೆಕಾರ್ಡಿನ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಗಾಯಕರು ಮೂರು ನಿಮಿಷಕ್ಕೆ ಮಡಚಿದರು. ಕೆಲವರು ಅದರಲ್ಲೂ ಅದ್ಭುತ ಮಾಡಿದರು ಎನ್ನುವುದು ಬೇರೆ ಮಾತು. ಆದರೆ ಎಂಟು ಗಂಟೆಯ ಸಣ್ಣಾಟ? ಒಂದು ಮುಖಕ್ಕೆ ಮೂರು ನಿಮಿಷದಂತೆ 160 ಮುಖ, ಅಂದರೆ 80 ತಟ್ಟೆ ಬೇಕು. ಯಾವ ಕಂಪನಿ ಈ ಕೆಲಸಕ್ಕೆ ಕೈ ಹಾಕುತ್ತೆ? ಬಾಳಪ್ಪನವರ ಸಾವಿರ ಪದಕ್ಕೆ, ಪದಕ್ಕೆ ಮೂರೇ ನಿಮಿಷ ಅಂತ ಇಟ್ಟುಕೊಂಡರೂ, 500 ತಟ್ಟೆ. ತಟ್ಟೆಗೆ 200 ಗ್ರಾಂ ಹಿಡಿದರೆ ಒಂದು ಕ್ವಿಂಟಲ್ ಭಾರ. ಹತ್ತಿಯ ಅಂಡಿಗೆಯಂತೆ ಚಕ್ಕಡಿಯಲ್ಲಿ ಹೇರಿಕೊಂಡು ಹೋಗಬೇಕಾಗುತ್ತಿತ್ತು.

ಅದೂ ಅಲ್ಲದೆ ಸ್ಟುಡಿಯೋ ಇದ್ದದ್ದು ಮುಂಬೈಯಂಥ ಶಹರದಲ್ಲಿ. ಈ ನಾಲ್ಕೂ ಊರಿಗೆ ಇವತ್ತಿಗೂ ರೈಲಿಲ್ಲ. ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಹತ್ತಬೇಕು. ಶಾಸ್ತ್ರೀಯ ಸಂಗೀತದವರು, ನಾಟಕ ಕಂಪನಿಯವರು ಆ ದಾರಿ ಹಿಡಿದರು. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರರ ರೆಕಾರ್ಡುಗಳು ಎಚ್‌ಎಂವಿಯಿಂದ ಬಂದವು. ಅದೇ ಕಾಲಕ್ಕೆ ಗಂಗೂಬಾಯಿ ಹಾನಗಲ್ಲರೂ ಎಚ್‌ಎಂವಿಗೆ ಹಾಡಿದರು. ಅವರ ಆರಂಭದ ರೆಕಾರ್ಡುಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’. ಹಾಡು ಒಬ್ಬರದು, ಲೇಬಲ್ಲಿನ ಹೆಸರು ಇನ್ನೊಂದು.

ಹಾಗಂತ ಆ ತಟ್ಟೆಗಳಿಂದ ನಷ್ಟವೇ ಆಯಿತು ಅನ್ನೋಕಾಗಲ್ಲ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ದೊಡ್ಡ ದೊಡ್ಡ ಗಾಯಕರ ರೆಕಾರ್ಡು ಕೇಳಿ ಹಾಗೆ ಹಾಗೇ ಹಾಡಿ ತೋರಿಸುತ್ತಿದ್ದ. ಅವನೇ ಮುಂದೆ ಕುಮಾರ ಗಂಧರ್ವ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿಯೇ ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟದ್ದು. ಮೂರು ನಿಮಿಷದ ತಟ್ಟೆ ಎರಡು ಬದುಕುಗಳ ದಾರಿ ತಿರುಗಿಸಿತು. ಆ ತಟ್ಟೆಯೊಳಗೆ ಚೌಡಿಕೆ, ಸಣ್ಣಾಟ ಕೂಡ ಅಷ್ಟೇ ಧಾರಾಳವಾಗಿ ಹೋಗಿದ್ದರೆ ಇನ್ನೆಷ್ಟು ಹುಡುಗರು ಎತ್ತ ಹೋಗುತ್ತಿದ್ದರೋ!

ರೇಡಿಯೋ ಬಾಗಿಲು

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಸವದತ್ತಿಯಿಂದಲೋ ಕಿತ್ತೂರಿನಿಂದಲೋ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದಾದ ದೂರ. ಮುಂಬೈ ರೈಲು ಹತ್ತದೆ ಮೈಕಿನ ಮುಂದೆ ಕೂರುವ ಅವಕಾಶ ಹಳ್ಳಿಯ ಹಾಡುಗಾರರಿಗೆ ಸಿಕ್ಕಿತು. ಜನಪದ ಗೀತೆ ಎನ್ನುವ ಹೆಸರಿನಲ್ಲಿ ಲಾವಣಿ, ಬೀಸುಕಲ್ಲಿನ ಪದ, ಸೋಬಾನೆ ಎಲ್ಲ ಗಾಳಿಯಲ್ಲಿ ತೇಲಿದವು.

ಈ ಪೆಟ್ಟಿಗೆಗೂ ಅದರದೇ ಅಂಚು ಇತ್ತು. ಕಾರ್ಯಕ್ರಮಕ್ಕೆ ಇಂತಿಷ್ಟೇ ನಿಮಿಷ. ಕೆಂಪು ದೀಪ ಆರುವ ಮುಂಚೆ ಪದ ಮುಗಿಯಬೇಕು. 1940ರಿಂದ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿತ್ತು. ಅದರ ಸ್ವರ ಕದಲದ ಸ್ವರ, ನಮ್ಮ ಸಂಗೀತದ ಜಾರುವಿಕೆ ಅದರಲ್ಲಿ ಬರುವುದಿಲ್ಲ ಎನ್ನುವುದು ವಾದ. ಮೂರು ದಶಕ ಆ ನಿಷೇಧ ನಡೆಯಿತು. ಊರಿನ ಭಜನೆಯಲ್ಲಿ, ನಾಟಕದಲ್ಲಿ ಹಾರ್ಮೋನಿಯಂ ರಾಜನಂತೆ ಮೆರೆಯುತ್ತಿದ್ದ ಕಾಲದಲ್ಲೇ ರೇಡಿಯೋ ಬಾಗಿಲಲ್ಲಿ ಅದಕ್ಕೆ ಪ್ರವೇಶವಿಲ್ಲ. ವಾದ ಸರಿಯೋ ತಪ್ಪೋ, ಯಾವ ವಾದ್ಯ ಒಳಗೆ, ಯಾವುದು ಹೊರಗೆ ಅಂತ ಹೇಳಿದವರು ಬೇರೆ ಯಾರೋ. ಟೇಪು ಬಂದ ಮೇಲೂ ಅದು ದುಬಾರಿ ಮಾಲು. ಹಳೆಯದನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಹಿಡಿಯುವುದು ಜಗತ್ತಿನ ದೊಡ್ಡ ದೊಡ್ಡ ರೇಡಿಯೋ, ಟಿವಿ ಸಂಸ್ಥೆಗಳಲ್ಲೇ ರೂಢಿಯಲ್ಲಿತ್ತು.

ಕ್ಯಾಸೆಟ್ ಬಂತು

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಮ್ಮ ಕಡೆ ಅದರ ಹುಚ್ಚು ಹಿಡಿದದ್ದು 1980ರ ದಶಕದಲ್ಲಿ. ಒಂದು ಕೋಣೆ, ಎರಡು ಮೈಕು, ಒಂದು ಡೆಕ್ಕು ಇದ್ದರೆ ಯಾರು ಬೇಕಾದರೂ ಹಾಡು ಹಿಡಿಯಬಹುದು, ನಕಲು ಮಾಡಿ ಮಾರಬಹುದು. ಅಲ್ಲಿಯವರೆಗೆ ಕಂಪನಿಗಳು ಮೂಸಿಯೂ ನೋಡದ ಡೊಳ್ಳಿನ ಪದ, ಗೀಗೀ ಪದ, ಭಜನೆ ಪದ, ಸಣ್ಣಾಟ ಎಲ್ಲ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ, ಜಾತ್ರೆಯ ಸಾಲುಗಳಲ್ಲಿ ಬಂದು ಕೂತವು. ದಶಕಗಳ ಕಾಲ ಕನ್ನಡ ಸಿನಿಮಾದವರೇ ಹಾಡು ಹಿಡಿಸಲು ಮದ್ರಾಸಿಗೆ ಹೋಗುತ್ತಿದ್ದರು, ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು 1980ರ ದಶಕದಲ್ಲಿ ಎನ್ನುವುದನ್ನು ನೆನೆದರೆ, ಈ ಸಣ್ಣ ಪೆಟ್ಟಿಗೆ ಎಂಥ ಬಾಗಿಲು ತೆರೆಯಿತು ಅಂತ ಗೊತ್ತಾಗುತ್ತೆ.

ಸಾವಿರ ಪದದ ಲೆಕ್ಕ ಇಲ್ಲಿ 50 ಗಂಟೆ, ಅಂದರೆ 60 ನಿಮಿಷದ 50 ಕ್ಯಾಸೆಟ್. ಒಂದು ಟ್ರಂಕು ಸಾಕು. ಎಂಟು ಗಂಟೆಯ ಆಟಕ್ಕೆ 90 ನಿಮಿಷದ್ದು ಆರು. ಆದರೂ 45 ನಿಮಿಷಕ್ಕೊಮ್ಮೆ ಕ್ಯಾಸೆಟ್ ಮಗುಚಬೇಕು, ಮಾರುವವನಿಗೆ ಒಂದೋ ಎರಡೋ ಕ್ಯಾಸೆಟ್ಟಿನಲ್ಲಿ ಮುಗಿಯಬೇಕು. ಹಾಗಾಗಿ ಆಟ ಮತ್ತೆ ಕತ್ತರಿಗೆ ಸಿಕ್ಕಿತು. ಸ್ಟುಡಿಯೋದ ದೊಡ್ಡ ಟೇಪು ಸೆಕೆಂಡಿಗೆ 38 ಸೆಂ.ಮೀ. ಓಡುತ್ತಿದ್ದರೆ ಕ್ಯಾಸೆಟ್ಟಿನ ಸಪೂರ ಪಟ್ಟಿ ಓಡುವುದು 4.76 ಸೆಂ.ಮೀ. ಅದಕ್ಕೇ ಆ "ಸ್ಸ್..." ಸದ್ದು. ನಕಲಿನಿಂದ ನಕಲು ಮಾಡಿದಂತೆಲ್ಲ ಸದ್ದು ಹೆಚ್ಚಿತು, ದನಿ ಮಸುಕಾಯಿತು.

ಕಂಪ್ಯೂಟರಿನ ಸರದಿ

1983ರಲ್ಲಿ ಮಿಡಿ ಎಂಬ ಒಪ್ಪಂದ ಬಂತು. ಬೇರೆ ಬೇರೆ ಕಂಪನಿಯ ಕೀಬೋರ್ಡುಗಳು ಪರಸ್ಪರ ಮಾತಾಡತೊಡಗಿದವು. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಮಿಡಿ ಕಿಂಡಿ ಹುಟ್ಟಿನಿಂದಲೇ ಇತ್ತು. 1991ರಲ್ಲಿ ಪ್ರೊ ಟೂಲ್ಸ್ ಬಂತು, ಆದರೆ ಅದಕ್ಕೆ ಪ್ರತ್ಯೇಕ ದುಬಾರಿ ಕಾರ್ಡು ಬೇಕು. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿಯ ಕ್ಯೂಬೇಸ್ ವಿಎಸ್‌ಟಿ ಬಂದಾಗ, ಮೈಕಿನಿಂದ ಬಂದ ದನಿಯನ್ನು ತಿದ್ದಿ ಬೆರೆಸುವ ಕೆಲಸ ಮನೆಯ ಕಂಪ್ಯೂಟರಿನ ಪ್ರೊಸೆಸರಿನಲ್ಲೇ ಆಗತೊಡಗಿತು. ಯುಎಸ್‌ಬಿಯಲ್ಲಿ ಸಿಕ್ಕಿಸುವ ಆಡಿಯೋ ಇಂಟರ್‌ಫೇಸ್ ಅಗ್ಗವಾಯಿತು. ಫೋಕಸ್‌ರೈಟ್ ಕಂಪನಿಯ ಕೆಂಪು ಸ್ಕಾರ್ಲೆಟ್ ಡಬ್ಬಿ 2011ರಿಂದ ಜಗತ್ತಿನ ಬೆಡ್‌ರೂಮ್ ಸ್ಟುಡಿಯೋಗಳ ಮೇಜಿನ ಮೇಲೆಲ್ಲ ಕಾಣಿಸತೊಡಗಿತು.

ಈಗ ಲೆಕ್ಕ ನೋಡಿ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಒಂದು ಮೈಕಿನ ದನಿಗೆ ಗಂಟೆಗೆ ಸುಮಾರು 518 ಎಂಬಿ. ಬಾಳಪ್ಪನವರ ಸಾವಿರ ಪದ, 50 ಗಂಟೆ, ಒಟ್ಟು 26 ಜಿಬಿ. ಕ್ವಿಂಟಲ್ ಭಾರದ ಹಾಡು 32 ಜಿಬಿಯ ಪೆನ್ ಡ್ರೈವಿನಲ್ಲಿ ಅಂಗಿಯ ಜೇಬಿಗೆ ಬಂತು. ಎಂಟು ಮೈಕಿಟ್ಟು ಎಂಟು ಗಂಟೆಯ ಸಣ್ಣಾಟವನ್ನು ಒಂದು ಕ್ಷಣ ಬಿಡದೆ ಹಿಡಿದರೂ 33 ಜಿಬಿ. ಆ ಎಂಟು ಮೈಕಿನ ಹರಿವು ಸೆಕೆಂಡಿಗೆ 1.2 ಎಂಬಿಯಷ್ಟೂ ಆಗೋದಿಲ್ಲ. ಹದಿನೈದು ವರ್ಷ ಹಳೆಯ ಹಾರ್ಡ್ ಡಿಸ್ಕ್ ಕೂಡ ಇದನ್ನು ನಿದ್ದೆಗಣ್ಣಲ್ಲಿ ಬರೆದುಕೊಳ್ಳುತ್ತೆ.

ಎಷ್ಟು ಹಿಡಿಯುತ್ತೆ ಎಂಬ ನೂರು ವರ್ಷದ ಪ್ರಶ್ನೆ ಇಲ್ಲಿಗೆ ಮುಗಿಯಿತು. ಅಂದಮೇಲೆ ಈ ಪೆಟ್ಟಿಗೆಗೆ ಅಂಚೇ ಇಲ್ಲವಾ? ಇದೆ. ಸಾಫ್ಟ್‌ವೇರ್ ತೆರೆದ ಕೂಡಲೇ ಪರದೆಯ ತುಂಬ ಕಾಣುವ ಗೆರೆಗಳೇ ಆ ಅಂಚು. ನಿಮಿಷಕ್ಕೆ ಇಂತಿಷ್ಟು ಬಡಿತ, ಸ್ಥಾಯಿಗೆ ಹನ್ನೆರಡು ಸ್ವರ. ಟ್ರ್ಯಾಕ್ಟರಿನ ಸ್ಪೀಕರುಗಳಲ್ಲಿ ಕೇಳುವ ಇವತ್ತಿನ ಡಿಜೆ ಜಾನಪದ ಹಾಡುಗಳಲ್ಲಿ ಬಹುಪಾಲು ಹುಟ್ಟುವುದು ಇಂಥ ಮನೆ ಸ್ಟುಡಿಯೋಗಳಲ್ಲೇ. ಅವಕ್ಕೆ ಈ ಗೆರೆ ಸರಿ ಹೊಂದುತ್ತೆ, ಕುಣಿಯೋಕೆ ಅದೇ ಬೇಕು. ಆದರೆ ಏರುತ್ತ ಹೋಗುವ ಮೇಳವನ್ನು, ಜಾರುವ ಚೌಡಿಕೆಯನ್ನು ಇದೇ ಗೆರೆಗೆ ಎಳೆದು ಕೂರಿಸಿದರೆ ಆಕಾಶವಾಣಿ ಹಾರ್ಮೋನಿಯಂ ಬಗ್ಗೆ ಪಟ್ಟ ಆತಂಕವನ್ನು ನಾವೇ ನಿಜ ಮಾಡಿದಂತೆ. ಕ್ಲಿಕ್ ಆಫ್ ಮಾಡೋದು, ಸ್ವರ ತಿದ್ದುವ ಪ್ಲಗಿನ್ ಮುಚ್ಚೋದು ನಿಮ್ಮ ಕೈಯಲ್ಲೇ ಇದೆ. ಅರಗಿನ ತಟ್ಟೆಗೆ ಹಾಡಿದವರಿಗೆ ಇಂಥ ಸ್ವಿಚ್ ಇರಲಿಲ್ಲ.

ಹಂಗಾದ್ರ ಏನ್ ತಗೋಬೇಕ್ರೀ?

ಈ ಕತೆಯ ಬೆಳಕಿನಲ್ಲಿ ಎಕ್ಸೆಲ್ ಶೀಟ್ ತೆರೆಯೋಣ. ದುಡ್ಡನ್ನು ಹಾಡುವವರ ಬಾಯಿಯ ಕಡೆಯಿಂದ ಖರ್ಚು ಮಾಡುತ್ತ ಬನ್ನಿ. ಕಂಪ್ಯೂಟರು ಕೊನೆಗೆ.

ಮೊದಲು ಕೋಣೆ. ಹೊಸ ಆರ್‌ಸಿಸಿ ಮನೆಯ ಖಾಲಿ ಹಾಲ್ ಎಂದರೆ ಬಾವಿಯೊಳಗೆ ಹಾಡಿದಂತೆ ಗುಂಯ್‌ಗುಡುತ್ತದೆ. ಊರಿನ ಹಳೆಯ ಮಣ್ಣಿನ ಗೋಡೆಯ ಮನೆ, ಮೂಲೆಯಲ್ಲಿ ಜೋಳದ ಚೀಲ, ಹಗ್ಗದ ಮೇಲೆ ನಾಲ್ಕು ಕೌದಿ ಇದ್ದರೆ ಗುಂಯ್ ಎಷ್ಟೋ ಅಡಗುತ್ತೆ. ಅಜ್ಜಿ ಹೊಲಿದ ದಪ್ಪ ಕೌದಿ ಹಾಡುವವರ ಹಿಂದೆ ತೂಗುಬಿಡಿ. ಅಂಗಡಿಯ ತೆಳು ಫೋಮಿಗಿಂತ ಅದು ಕಡಿಮೆಯೇನಲ್ಲ.

ಎರಡನೆಯದು ಮೈಕು. ಕಂಡೆನ್ಸರ್ ಮೈಕು ಸೂಕ್ಷ್ಮ, ಪಕ್ಕದ ಮನೆಯ ಮಿಕ್ಸರನ್ನೂ ಹಿಡಿಯುತ್ತೆ. ರಾಮದುರ್ಗ, ಸುರೇಬಾನದಂಥ ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ನಡುವೆ ಅದು ನಿಮ್ಮನ್ನು ಗೋಳಾಡಿಸುತ್ತದೆ. ಅಲ್ಲಿಗೆ ಬಾಯಿ ಹತ್ತಿರ ಹಿಡಿದು ಹಾಡುವ ಡೈನಾಮಿಕ್ ಮೈಕೇ ವಾಸಿ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇವತ್ತಿಗೂ ಸಭೆ ಸಮಾರಂಭದಲ್ಲಿ ಕಾಣುವುದು ಸುಮ್ಮನೆ ಅಲ್ಲ. ಪುರವಂತರ ವಾದ್ಯದಂಥ ಅಬ್ಬರಕ್ಕೂ ಅದು ಜಗ್ಗಲ್ಲ. ನಿಶ್ಶಬ್ದ ಮನೆ ಇದ್ದು, ಚೌಡಿಕೆಯ ತಂತಿಯ ಎಳೆ ಎಳೆ ಬೇಕೆಂದರೆ ಆಗ ಕಂಡೆನ್ಸರ್ ನೋಡಿ.

ಮೂರನೆಯದು ಇಂಟರ್‌ಫೇಸ್. ಎರಡು ಮೈಕ್ ಕಿಂಡಿ, ಕಂಡೆನ್ಸರಿಗೆ ಬೇಕಾದ 48 ವೋಲ್ಟ್, ಹಾಡುವವರಿಗೆ ತಮ್ಮ ದನಿ ನೇರವಾಗಿ ಕೇಳಿಸುವ ಡೈರೆಕ್ಟ್ ಮಾನಿಟರ್ ಸ್ವಿಚ್, ಇಷ್ಟಿದ್ದರೆ ಮನೆಗೆ ಸಾಕು. ಇಡೀ ಮೇಳ ಹಿಡಿಯುವ ಆಸೆ ಇದ್ದರೆ ಎಂಟು ಕಿಂಡಿಯದು. ದನಿ ಅಳತೆ ಮಾಡುವಾಗ ಮೇಲೆ ಧಾರಾಳ ಜಾಗ ಬಿಡಿ. ಮೇಳ ಏರಿದಾಗ ಕೆಂಪು ದೀಪ ಹತ್ತಿದರೆ ಆ ಒಡಕು ದನಿಯನ್ನು ಯಾವ ಐ9 ಕೂಡ ಸರಿ ಮಾಡಲಾರದು.

ನಾಲ್ಕನೆಯದಾಗಿ ಕಂಪ್ಯೂಟರ್. ಹಿಡಿಯುವ ಕೆಲಸಕ್ಕೆ ಅದು ಹಗುರ ಅಂತ ಮೇಲೆ ನೋಡಿದೆವು. ಭಾರ ಬೀಳುವುದು ಮಿಕ್ಸಿಂಗಿಗೆ. ಪ್ಲಗಿನ್ ಹೆಚ್ಚಿದಂತೆ ಪ್ರೊಸೆಸರ್ ದುಡಿಯುತ್ತದೆ, ಕೀಬೋರ್ಡಿನ ದೊಡ್ಡ ಸ್ಯಾಂಪಲ್ ಲೈಬ್ರರಿ ಹಾಕಿದರೆ ರ‍್ಯಾಮ್ ತಿನ್ನುತ್ತದೆ. ನಿಜ ವಾದ್ಯ, ನಿಜ ದನಿಯ ಹಾಡಿಗೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಸಾಧಾರಣ ಲ್ಯಾಪ್‌ಟಾಪ್ ಧಾರಾಳ. ಬರೀ ರೆಕಾರ್ಡಿಂಗಿಗೆ 8 ಜಿಬಿಯ ಹಳೆಯದೂ ನಡೆಯುತ್ತೆ. ಗ್ರಾಫಿಕ್ಸ್ ಕಾರ್ಡ್ ಇಲ್ಲಿ ಹೆಚ್ಚುಕಡಿಮೆ ಕೆಲಸಕ್ಕೆ ಬರುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪಿಗೆ ಇನ್ನೊಂದು ತೊಂದರೆ ಇದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಅದರ ಫ್ಯಾನ್ ಗಿರಣಿಯಂತೆ ಕೂಗುತ್ತೆ, ಮೈಕಿಗೆ ಅದೂ ಒಂದು ವಾದ್ಯವೇ. ಆಪಲ್ 2020ರಲ್ಲಿ ತಂದ ಎಂ1 ಚಿಪ್ಪಿನ ಏರ್ ಮಾಡೆಲ್ಲಿಗೆ ಫ್ಯಾನೇ ಇಲ್ಲ, ಆ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಚೆನ್ನಾಗಿದೆ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ.

ತಡ, ಅಂದರೆ ಲೇಟೆನ್ಸಿ ಬಗ್ಗೆ ಬಹಳ ಜನ ಗಾಬರಿ ಬೀಳ್ತಾರೆ. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಮೂರು ಮೀಟರ್ ಹಿಂದೆ ನಿಂತ ಮೇಳದ ದನಿ ಪಾತ್ರಧಾರಿಗೆ ಮುಟ್ಟಲು 9 ಮಿಲಿಸೆಕೆಂಡ್ ಬೇಕು, ಯಾರೂ ತಾಳ ತಪ್ಪುವುದಿಲ್ಲ. ಬಫರ್ 128ರಲ್ಲಿ ಇಟ್ಟರೆ ಒಳಗೆ ಹೋಗಲು 2.7 ಮಿಲಿಸೆಕೆಂಡ್, ಹೊರಬರಲು ಅಷ್ಟೇ, ಜೊತೆಗೆ ಇಂಟರ್‌ಫೇಸಿನ ಸಣ್ಣ ತಡ. ಮೇಳ ಹಿಂದೆಯೇ ನಿಂತಂತೆ. 1024ಕ್ಕೆ ಏರಿಸಿದರೆ ಹೋಗಿ ಬರಲು 40 ಮಿಲಿಸೆಕೆಂಡ್ ದಾಟುತ್ತೆ, ಮೇಳ ರಸ್ತೆಯ ಆಚೆ ಬದಿಗೆ ಹೋದಂತೆ. ಹಾಡುವಾಗ ಬಫರ್ ಸಣ್ಣದಿರಲಿ, ಮಿಕ್ಸ್ ಮಾಡುವಾಗ ದೊಡ್ಡದು ಮಾಡಿ. ಲ್ಯಾಪ್‌ಟಾಪಿಗೆ ಉಸಿರಾಡಲು ಜಾಗ ಸಿಗುತ್ತೆ.

ಕರೆಂಟಿನ ಮಾತೂ ಆಗಲಿ. ಊರ ಮನೆಯ ವೈರಿಂಗಿನಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಹಾಡಿನ ಕೆಳಗೆ 50 ಹರ್ಟ್ಸಿನ "ಹುಂ..." ಸೇರಿಕೊಳ್ಳುತ್ತೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ, ಬಹಳ ಸಲ ಅದು ಮಾಯವಾಗುತ್ತೆ. ಪದದ ನಡುವೆ ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ. ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ಅಂತ ಹೇಳೋದು ಇದಕ್ಕೇ.

ಕೊನೆಗೆ ಕಿವಿ ಮತ್ತು ಕಪಾಟು. ಹಾಡುವಾಗ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಮಿಕ್ಸ್ ಮುಗಿದ ಮೇಲೆ ಅದನ್ನು ಮೊಬೈಲ್ ಸ್ಪೀಕರಿನಲ್ಲಿ, ಸಾಧ್ಯವಾದರೆ ಟ್ರ್ಯಾಕ್ಟರಿನಲ್ಲಿ ಕೇಳಿ, ಯಾಕಂದರೆ ಜನ ಕೇಳೋದು ಅಲ್ಲೇ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ಕೊಂಡು ಒಂದನ್ನು ಬೇರೆ ಊರಿನಲ್ಲಿ ಇಡಿ. ಒಟ್ಟು ನೂರು ರೂಪಾಯಿ ಇದ್ದರೆ ಮೈಕಿಗೆ 30, ಇಂಟರ್‌ಫೇಸಿಗೆ 25, ಲ್ಯಾಪ್‌ಟಾಪಿಗೆ 30, ಉಳಿದದ್ದು ಹೆಡ್‌ಫೋನು, ಡಿಸ್ಕು. ಕೈಯಲ್ಲಿ ಈಗಾಗಲೇ ಆಫೀಸಿನದ್ದಲ್ಲದ ಒಂದು ಲ್ಯಾಪ್‌ಟಾಪ್ ಇದ್ದರೆ ಆ 30 ಉಳಿದೇ ಹೋಯಿತು.

ಮೊದಲು ಏನನ್ನು ಹಿಡಿಯಬೇಕು?

ನಿಮ್ಮ ಹೊಸ ಹಾಡು ಮುಂದಿನ ವರ್ಷವೂ ಹಾಡಬಹುದು. ಕಾಯದೆ ಇರುವುದು ಎರಡು.

ಒಂದು, ಅಟ್ಟದ ಮೇಲಿನ ಕ್ಯಾಸೆಟ್. ಧೂಳು, ಬಿಸಿಲು, ಬೂಷ್ಟು ಸೇರಿ ಅದನ್ನು ವರ್ಷ ವರ್ಷ ತಿನ್ನುತ್ತಿವೆ. ಕೆಲಸ ಮಾಡುವ ಹಳೆಯ ಡೆಕ್ ಒಂದು ಹುಡುಕಿ, ಅದರ ಲೈನ್ ಔಟನ್ನು ಇಂಟರ್‌ಫೇಸಿಗೆ ಕೊಟ್ಟು ಕಂಪ್ಯೂಟರಿಗೆ ಇಳಿಸಿ. ಮೈಕು ಕೂಡ ಬೇಡ. "ಸ್ಸ್" ಸದ್ದು ತೆಗೆಯುವ ಆತುರ ಬೇಡ, ಮೂಲವನ್ನು ಹಾಗೇ ಒಂದು ಪ್ರತಿ ಇಟ್ಟು ಆಮೇಲೆ ತಿದ್ದಿ.

ಎರಡು, ಇಡೀ ರಾತ್ರಿಯ ಆಟ ಬಾಯಲ್ಲಿಟ್ಟುಕೊಂಡಿರುವ ಹಿರಿಯರು. ಮೂರು ನಿಮಿಷಕ್ಕೆ, ಹದಿನೈದು ನಿಮಿಷಕ್ಕೆ, 45 ನಿಮಿಷಕ್ಕೆ ಕತ್ತರಿಸಿದ ಅವರ ಪದ ಪೂರ್ತಿಯಾಗಿ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ ಈಗ ಮನೆ ಮನೆಯಲ್ಲಿದೆ. ಆದರೆ ಪೆಟ್ಟಿಗೆ ದೊಡ್ಡದಾದಷ್ಟೂ ಹಾಡುವವರು ಕಡಿಮೆಯಾಗುತ್ತಿದ್ದಾರೆ. ಮುಂದಿನ ಮಾಡೆಲ್ ಬರಲಿ, ಆಫರ್ ಬರಲಿ ಅಂತ ಕಾದು ಕೂತರೆ ಲ್ಯಾಪ್‌ಟಾಪ್ ಸಿಗುತ್ತೆ, ಅವರು ಸಿಗ್ತಾರಾ?

ಹಿಡಿಯುವ ಮುಂಚೆ ಅವರನ್ನು ಕೇಳಿ: ಇದನ್ನು ಎಲ್ಲಿ ಹಾಕ್ತೇವೆ, ದುಡ್ಡು ಬಂದರೆ ಯಾರಿಗೆ ಎಷ್ಟು ಅಂತ ಬಿಡಿಸಿ ಹೇಳಿ. ಒಂದು ಪ್ರತಿ ಅವರ ಮೊಮ್ಮಗಳ ಮೊಬೈಲಿಗೆ ಅಲ್ಲೇ ಹಾಕಿಕೊಡಿ. ಹಾಡು ಮುಗಿದ ಕೂಡಲೇ ಸ್ಟಾಪ್ ಒತ್ತಬೇಡಿ. 1902ರಲ್ಲಿ ಗೌಹರ್ ಜಾನ್ ಮಾಡಿದಂತೆ ಅವರಿಂದಲೇ ಹೆಸರು ಹೇಳಿಸಿ; ಊರು, ತಾರೀಖು, ಈ ಪದವನ್ನು ಯಾರಿಂದ ಕಲಿತರು ಎನ್ನುವುದನ್ನೂ ಸೇರಿಸಿ. ಫೈಲಿನ ಹೆಸರು ಬದಲಾಗಬಹುದು, ಯಾರೋ ತಮ್ಮ ಲೋಗೋ ಅಂಟಿಸಬಹುದು. ಹಾಡಿನ ಕೊನೆಯ ಆ ಹತ್ತು ಸೆಕೆಂಡಿಗೆ ತಗಲುವ ಜಾಗ ಒಂದೂವರೆ ಎಂಬಿಯೂ ಇಲ್ಲ.